ಗಂಡಸರ ಕರವಸ್ತ್ರ ಒದ್ದೆ ಮಾಡಿಸಿದ ‘777 ಚಾರ್ಲಿ’

2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’ಯ ಬಗ್ಗೆ ಆ ದಿನಗಳಲ್ಲಿ ಕೇಳಿಬರುತ್ತಿದ್ದ ಮೊದಲ ಪ್ರಶ್ನೆ, ಚಿತ್ರ ಹೇಗಿದೆ ಎಂಬುದಕ್ಕಿಂತ, ನೀವು ಎಲ್ಲಿ ಅತ್ತಿರಿ ಎಂಬುದಾಗಿತ್ತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ, ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ಮನೆಯ ನಾಯಿ ಸನ್ನಿಯನ್ನು ನೆನೆದು, ಕ್ಯಾಮೆರಾಗಳ ಎದುರೇ ಕಣ್ಣೊರೆಸಿಕೊಂಡರು. ರಾಜಕಾರಣಿಗಳ ಕಣ್ಣೀರನ್ನು ನಾನು ಸಾಮಾನ್ಯವಾಗಿ ಸಂಶಯದಿಂದಲೇ ನೋಡುವವನು. ಆದರೆ ಈ ಕಣ್ಣೀರನ್ನು ಸಂಶಯಿಸಲು ಕಾರಣ ಕಾಣಲಿಲ್ಲ. ನಾನು ನೋಡಿದ ಪ್ರದರ್ಶನದಲ್ಲಿಯೂ ಮಧ್ಯಂತರದ ದೀಪ ಹತ್ತಿದಾಗ ಹಲವು ಗಂಡಸರು ಕಾಫಿಗೆ ಏಳುವ ಬದಲು ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದರು. ಚಿತ್ರ ಮುಗಿಯುವ ಹೊತ್ತಿಗಂತೂ ಸಭಾಂಗಣದ ತುಂಬ ಕೇಳಿಸುತ್ತಿದ್ದ ಮೂಗು ಸೀಟುವ ಸದ್ದನ್ನು ನೆಗಡಿಯ ಲೆಕ್ಕಕ್ಕೆ ಹಾಕುವಂತಿರಲಿಲ್ಲ.

ಕತೆ ಸರಳವಾದದ್ದು. ಬಾಲ್ಯದಲ್ಲಿಯೇ ಅಪಘಾತವೊಂದರಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಧರ್ಮ (ರಕ್ಷಿತ್ ಶೆಟ್ಟಿ) ಮೈಸೂರಿನ ಒಂದು ಕಾಲೊನಿಯಲ್ಲಿ ಒಬ್ಬನೇ ಬದುಕುತ್ತಾನೆ. ಕಾರ್ಖಾನೆಯ ಕೆಲಸ, ಸಿಗರೇಟು, ಬಿಯರು, ಇಡ್ಲಿ, ರಾತ್ರಿ ಚಾರ್ಲಿ ಚಾಪ್ಲಿನ್ ಚಿತ್ರಗಳು. ಇಷ್ಟರಲ್ಲಿ ಅವನ ದಿನ ಮುಗಿಯುತ್ತದೆ. ನೆರೆಹೊರೆಯವರೊಂದಿಗೆ ಅವನಿಗಿರುವ ಸಂಬಂಧ ಜಗಳದ್ದು ಮಾತ್ರ. ಅಕ್ರಮವಾಗಿ ನಾಯಿ ಸಾಕಿ ಮಾರುವವನೊಬ್ಬನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಒಂದು ಇವನಿಗೆ ಗಂಟುಬೀಳುತ್ತದೆ. ಅದಕ್ಕೆ ಪೆಟ್ಟಾದಾಗ ಒಲ್ಲದ ಮನಸ್ಸಿನಿಂದ ಪಶುವೈದ್ಯರ ಬಳಿಗೆ ಒಯ್ಯುವ ಧರ್ಮ, ಬೇರೆ ಯಾರಾದರೂ ಸಾಕಲು ಒಪ್ಪುವವರೆಗೆ ಎಂದು ಮನೆಗೆ ತರುತ್ತಾನೆ. ಮುಂದೆ ಅದಕ್ಕೆ ವಾಸಿಯಾಗದ ಕಾಯಿಲೆಯಿದೆ ಎಂದು ತಿಳಿದ ಮೇಲೆ, ಟಿವಿಯಲ್ಲಿ ಹಿಮ ಕಂಡರೆ ಕುಣಿದಾಡುವ ಆ ನಾಯಿಗೆ ನಿಜವಾದ ಹಿಮವನ್ನು ತೋರಿಸಲು ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ಉತ್ತರಕ್ಕೆ ಹೊರಡುತ್ತಾನೆ.

ಕನ್ನಡದ ಗಂಡಸು ಚಿತ್ರಮಂದಿರದಲ್ಲಿ ಅಳುವುದು ಹೊಸತೇನಲ್ಲ. 1971ರ ‘ಕಸ್ತೂರಿ ನಿವಾಸ’ದಲ್ಲಿ ರಾಜ್‌ಕುಮಾರ್ ಕೊಡುತ್ತ ಕೊಡುತ್ತಲೇ ಬರಿಗೈಯಾಗುವುದನ್ನು ನೋಡಿ ಅತ್ತವರು ಇಂದಿಗೂ ಆ ಮಾತನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಹೆಮ್ಮೆ ಏಕೆಂದರೆ ಅಲ್ಲಿ ಹರಿದದ್ದು ಒಬ್ಬ ದೊಡ್ಡ ಮನುಷ್ಯನ ತ್ಯಾಗಕ್ಕೆ ಸಂದ ಕಣ್ಣೀರು; ಅಂಥ ಅಳು ಗಂಡಸಿನ ಮರ್ಯಾದೆಗೆ ಕುಂದು ತರುವುದಿಲ್ಲ. ಧರ್ಮನಲ್ಲಿ ಅಂಥ ದೊಡ್ಡತನವೇನೂ ಇಲ್ಲ. ಅವನು ಒರಟ, ಸಿಡುಕ, ಮಕ್ಕಳೂ ಹತ್ತಿರ ಸುಳಿಯಲು ಹೆದರುವಂಥವನು. ಇಂಥವನಿಗಾಗಿ, ಅದರಲ್ಲೂ ಒಂದು ನಾಯಿಯ ನೆಪದಲ್ಲಿ, ಗಂಟಲು ಬಿಗಿದುಬರುವಂತೆ ಮಾಡುವುದು ಹೆಚ್ಚು ಕಷ್ಟದ ಕೆಲಸ, ಮತ್ತು ಮೊದಲ ಅರ್ಧದಲ್ಲಿ ನಿರ್ದೇಶಕ ಕಿರಣ್‌ರಾಜ್ ಅದನ್ನು ಬಲು ಸಾವಧಾನದಿಂದ ಸಾಧಿಸಿದ್ದಾರೆ. ಇದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ಎಂಬುದನ್ನು ನೆನೆದರೆ ಆ ಸಾವಧಾನ ಇನ್ನೂ ಅಚ್ಚರಿ ಹುಟ್ಟಿಸುತ್ತದೆ.

ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಬಲ ಇರುವುದು ಸಾವಿನ ದೃಶ್ಯಗಳಲ್ಲಿ ಎನ್ನುವುದಕ್ಕಿಂತ ಆರೈಕೆಯ ದೃಶ್ಯಗಳಲ್ಲಿ. ಯಾರನ್ನೂ ನೋಡಿಕೊಂಡು ಅಭ್ಯಾಸವಿಲ್ಲದ ಗಂಡಸೊಬ್ಬ ಇನ್ನೊಂದು ಜೀವಕ್ಕೆ ಊಟ ಹಾಕುವುದು, ಅದು ಮಾಡಿದ ಗಲೀಜು ಬಳಿಯುವುದು, ಹರಿದುಹಾಕಿದ ಸಾಮಾನಿನ ಮುಂದೆ ಕೂಗಾಡಿ ಕೊನೆಗೆ ಸೋತು ಕುಳಿತುಕೊಳ್ಳುವುದು, ಇವನ್ನೆಲ್ಲ ‘ಟಾರ್ಚರ್’ ಎಂಬ ಹಾಡಿನ ಸುತ್ತ ನಗೆಯಾಗಿ ಹೆಣೆಯಲಾಗಿದೆ. ಆ ನಗುವಿನ ನಡುವೆಯೇ ಅವನ ಕೈಗಳಿಗೆ ಮೃದುತ್ವ ಬರತೊಡಗಿರುವುದು ಅವನಿಗೂ ತಿಳಿಯುವುದಿಲ್ಲ, ನಮಗೂ ತಟ್ಟನೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ. ನಮ್ಮ ಮನೆಗಳಲ್ಲಿ ಕಾಯಿಲೆಯವರ ಹಾಸಿಗೆಯ ಪಕ್ಕ ಕೂರುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಂದ ಕೆಲಸಗಳು. ಗಂಡಸರು ಆಸ್ಪತ್ರೆಯ ಬಿಲ್ಲು ಕಟ್ಟಿ ವರಾಂಡದಲ್ಲಿ ನಿಂತಿರುತ್ತಾರೆ. ಹಾಗೆ ನಿಂತು ಅಭ್ಯಾಸವಾದವರಿಗೆ ಧರ್ಮ ತನ್ನ ಒರಟು ಕೈಗಳಿಂದ ಕಲಿಯುವ ಈ ಕೆಲಸ, ತಾವು ಮಾಡಬಹುದಾಗಿದ್ದು ಮಾಡದೆ ಬಿಟ್ಟ ಏನನ್ನೋ ನೆನಪಿಗೆ ತರುತ್ತದೆ ಎಂದು ನನ್ನ ಊಹೆ.

ಇನ್ನೊಂದು ಮಾತೂ ಇದೆ. ಒಂಟಿ ಗಂಡಸಿಗೆ ಸಮಾಜ ತೋರುವ ಅನುಕಂಪ ಯಾವಾಗಲೂ ಬುದ್ಧಿವಾದದ ಜೊತೆಗೇ ಬರುತ್ತದೆ: ಕುಡಿಯುವುದನ್ನು ಬಿಡು, ಮದುವೆಯಾಗು, ನಾಲ್ಕು ಜನರೊಂದಿಗೆ ಬೆರೆ. ನಾಯಿ ಅಂಥದ್ದೇನನ್ನೂ ಹೇಳುವುದಿಲ್ಲ. ಚಾಪ್ಲಿನ್ನನ ಮೂಕಿ ಚಿತ್ರಗಳನ್ನು ಧರ್ಮನ ಬಾಲ್ಯದ ನೆನಪಿಗೂ ನಾಯಿಯ ‘ಚಾರ್ಲಿ’ ಎಂಬ ಹೆಸರಿಗೂ ಜೋಡಿಸಿದ್ದು ಹೀಗಾಗಿ ಬರಿಯ ಅಲಂಕಾರವಾಗಿ ಉಳಿಯದೆ ಕತೆಯ ಒಳಕ್ಕೆ ಇಳಿಯುತ್ತದೆ; ಮಾತಿಲ್ಲದವರೇ ಅವನಿಗೆ ಆಪ್ತರು. ರಕ್ಷಿತ್ ಶೆಟ್ಟಿ ಕೂಡ ಮಾತು ಕಡಿಮೆ ಇರುವಲ್ಲೆಲ್ಲ ಗೆದ್ದಿದ್ದಾರೆ. ಅವರು ಅಳುವ ದೃಶ್ಯಗಳಿಗಿಂತ, ಅಳು ಬಂದಾಗ ದವಡೆ ಬಿಗಿಹಿಡಿದು ಬೇರೆಡೆ ನೋಡುವ ದೃಶ್ಯಗಳು ಹೆಚ್ಚು ತಾಗುತ್ತವೆ. ಪಶುವೈದ್ಯನಾಗಿ ರಾಜ್ ಬಿ. ಶೆಟ್ಟಿ ಹಗುರವಾದ ಹಾಸ್ಯ ತಂದಿದ್ದಾರೆ, ನೆರೆಮನೆಯ ಹುಡುಗಿ ಆದ್ರಿಕಾ ಆಗಿ ಶಾರ್ವರಿ ಮುದ್ದಾಗಿದ್ದಾಳೆ. ನಾಯಿಯ ಅಭಿನಯದ ಹಿಂದೆ ತರಬೇತುದಾರ ಪ್ರಮೋದ್ ಅವರ ತಾಳ್ಮೆಯಿದೆ. ಗ್ರಾಫಿಕ್ಸಿನ ಕಣ್ಣುಗಳಿಂದ ಬರಲಾರದ ನಂಬಿಕೆ ಈ ಕಣ್ಣುಗಳಿಂದ ಬರುತ್ತದೆ.

ಮಧ್ಯಂತರದ ನಂತರ ಚಿತ್ರ ತನ್ನ ಮೆಲುದನಿಯನ್ನು ಅಷ್ಟಷ್ಟಾಗಿ ಕಳೆದುಕೊಳ್ಳುತ್ತದೆ. ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾ ದಾರಿಯುದ್ದಕ್ಕೂ ಸೊಗಸನ್ನು ಹುಡುಕಿಕೊಟ್ಟರೂ ಪ್ರಯಾಣದ ಕೆಲವು ಪ್ರಸಂಗಗಳು, ಅದರಲ್ಲೂ ನಾಯಿಗಳ ಸ್ಪರ್ಧೆಯ ಭಾಗ, ಬೇರೆ ಯಾವುದೋ ಚಿತ್ರದಿಂದ ಬಂದು ಸೇರಿಕೊಂಡಂತಿವೆ. ಪ್ರಾಣಿ ಕಲ್ಯಾಣದ ಅಧಿಕಾರಿ ದೇವಿಕಾ ಪಾತ್ರಕ್ಕೆ ಸಂಗೀತಾ ಶೃಂಗೇರಿ ಅವರು ನ್ಯಾಯ ಒದಗಿಸಿದ್ದಾರೆ, ಪಾತ್ರಕ್ಕೆ ಬರವಣಿಗೆ ನ್ಯಾಯ ಒದಗಿಸಿಲ್ಲ. ದೇವಿಕಾ ಧರ್ಮ ಮತ್ತು ನಾಯಿಯ ಹಿಂದೆ ಅಷ್ಟು ದೂರ ಏಕೆ ಬರುತ್ತಾಳೆ ಎಂಬುದಕ್ಕೆ ಒಪ್ಪುವಂಥ ಕಾರಣ ಕಡೆಗೂ ಸಿಗುವುದಿಲ್ಲ. ಹಿಮದ ನಾಡನ್ನು ತಲುಪಿದ ಮೇಲೆ ಒಂದು ಸಂಕಟ ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ, ನೋಬಿನ್ ಪೌಲ್ ಅವರ ಹಿನ್ನೆಲೆ ಸಂಗೀತ ಈಗ ಅಳಿ, ಈಗ ಇನ್ನಷ್ಟು ಅಳಿ ಎಂದು ಬೆನ್ನುಹತ್ತುತ್ತದೆ. ಜನ ಅತ್ತರು, ನಾನೂ ಅತ್ತೆ. ಆದರೆ ಆ ಕೊನೆಯ ಅರ್ಧ ಗಂಟೆಯ ಕಣ್ಣೀರು ಈರುಳ್ಳಿ ಹೆಚ್ಚಿದಾಗ ಬರುವ ಕಣ್ಣೀರಿನಂಥದ್ದು. ಅದರಲ್ಲಿ ಮನಸ್ಸಿನ ಪಾಲು ಕಡಿಮೆ. ಎರಡು ಮುಕ್ಕಾಲು ಗಂಟೆಯ ಸಮೀಪದ ಈ ಚಿತ್ರದಲ್ಲಿ ಇಪ್ಪತ್ತು ನಿಮಿಷ ಕತ್ತರಿಸಿದ್ದರೂ ಒಂದು ಹನಿ ಕಡಿಮೆಯಾಗುತ್ತಿರಲಿಲ್ಲ.

ಸಂದೇಶದ ವಿಷಯದಲ್ಲಿ ಚಿತ್ರ ಹೇಳುವ ಮಾತು ತೂಕದ್ದು. ಹತ್ತಿರದ ರಕ್ತಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿ ಮರಿ ಪಡೆಯುವ ದಂಧೆಯಿಂದ ಬರುವ ಆನುವಂಶಿಕ ಕಾಯಿಲೆಗಳನ್ನು ಅದು ಕತೆಯ ಬೇರಿನಲ್ಲಿಯೇ ಇಟ್ಟಿದೆ. ನಾಯಿಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂಬ ಕೇಂದ್ರದ ನಿಯಮಗಳು 2017ರಿಂದಲೇ ಇವೆ. ಚಿತ್ರ ನೋಡಿದ ಮರುದಿನವೇ ಲ್ಯಾಬ್ರಡಾರ್ ಕೊಳ್ಳಲು ಹೊರಟವರು, ಆ ಮರಿಯ ತಾಯಿಯನ್ನು ಒಮ್ಮೆ ತೋರಿಸಿ ಎಂದು ಮಾರುವವನನ್ನು ಕೇಳಿದರೆ ಚಿತ್ರತಂಡದ ಶ್ರಮಕ್ಕೆ ಅರ್ಥ ಬಂದೀತು.

ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿದೆ. ಮೊದಲ ಅರ್ಧದ ಮಟ್ಟಿಗೆ ನಾನು ಆ ಆಯ್ಕೆಯನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಸಾಕಿದ ನಾಯಿಯನ್ನು ಇತ್ತೀಚೆಗೆ ಕಳೆದುಕೊಂಡವರು ಸ್ವಲ್ಪ ಕಾಲ ಕಳೆದ ಮೇಲೆ ನೋಡುವುದು ಲೇಸು. ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವವರು ಅಂತ್ಯದ ಬಗ್ಗೆ ಮೊದಲೇ ಒಂದು ಮಾತು ಹೇಳಿರಬೇಕು. ಅಪ್ಪನನ್ನೋ ಮಾವನನ್ನೋ ಕರೆದೊಯ್ಯುವವರು ಅವರ ಮುಖವನ್ನು ಓರೆಗಣ್ಣಿನಿಂದ ನೋಡದೆ, ಪರದೆಯನ್ನು ನೋಡಿಕೊಂಡು ಕುಳಿತರೆ ಅವರಿಗೂ ಚಿತ್ರವನ್ನು ನೆಮ್ಮದಿಯಾಗಿ ನೋಡಲು ಸಾಧ್ಯವಾಗುತ್ತದೆ.