ಸುಪ್ರಾ: ಹಳೇ ಎ80 ಬೇಕೋ, ಹೊಸ ಎ90 ಸಾಕೋ?

2019ರಲ್ಲಿ ಟೊಯೊಟಾದ ಸ್ಪೋರ್ಟ್ಸ್ ಕಾರು ಸುಪ್ರಾ ಎ90 ಮಾದರಿಯಾಗಿ ಮರಳಿ ಬಂದಾಗ, ಹಿಂದಿನ ಎ80 ಮಾದರಿಯ ಅಭಿಮಾನಿಗಳ ತಕರಾರು ಒಂದೇ: ಇದು ಟೊಯೊಟಾ ವೇಷ ಹಾಕಿದ ಬಿಎಂಡಬ್ಲ್ಯು. ಸುಳ್ಳಲ್ಲ. ಎಂಜಿನ್ ಬಿಎಂಡಬ್ಲ್ಯುವಿನ ಬಿ58, ಜೋಡಣೆ ಆಸ್ಟ್ರಿಯಾದ ಗ್ರಾಜ್‌ನಲ್ಲಿ, ಬಿಎಂಡಬ್ಲ್ಯುವಿನದೇ ಝಡ್4 ಕಾರಿನ ಜತೆಗೇ. ಆದರೂ ದಿನಾ ಓಡಿಸಲು ಒಂದೇ ಕಾರು ಅಂದರೆ ನನ್ನ ಮತ ಎ90ಗೆ. ಬ್ಯಾಡ್ಜ್ ಕಾರಣವಲ್ಲ, ಎ80ರ ರಬ್ಬರ್ ಪೈಪು ಕಾರಣ.

ಎ80ರ 2ಜೆಝಡ್-ಜಿಟಿಇ ಎಂಜಿನ್‌ನಲ್ಲಿ ಎರಡು ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು) ಇದ್ದರೂ ಕೆಲಸ ಸರದಿ ಪ್ರಕಾರ. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಕ್ಸಾಸ್ಟ್ ಹೊಗೆ ಅಷ್ಟೂ ಮೊದಲನೆಯದಕ್ಕೆ. 3,500ರ ಸುಮಾರಿಗೆ ಬೈಪಾಸ್ ವಾಲ್ವ್ ತುಸು ತೆರೆದು ಎರಡನೆಯದನ್ನು ಮೊದಲೇ ತಿರುಗಿಸಿಡುತ್ತದೆ. 4,000ದ ಹೊತ್ತಿಗೆ ಎಕ್ಸಾಸ್ಟ್ ಕಡೆಯ ಕಂಟ್ರೋಲ್ ವಾಲ್ವ್, ಅದರ ಬೆನ್ನಿಗೇ ಇನ್‌ಟೇಕ್ (ಗಾಳಿ ಒಳಹೋಗುವ) ಕಡೆಯದು ತೆರೆಯಬೇಕು. ಇಷ್ಟನ್ನೂ ನಡೆಸುವುದು ವಿದ್ಯುತ್ತಿನಿಂದ ತೆರೆದು ಮುಚ್ಚುವ ಕೆಲವು ಸೊಲೆನಾಯ್ಡ್ ವಾಲ್ವ್‌ಗಳು, ಅವುಗಳಿಗೆ ಸುತ್ತಿಕೊಂಡ ಸಪೂರ ರಬ್ಬರ್ ಪೈಪುಗಳ ಗೋಜಲು.

ವರ್ಷಗಟ್ಟಲೆ ಎಂಜಿನ್ ಬಿಸಿ ತಿಂದ ಪೈಪು ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಕೆಳಗೆಲ್ಲ ಚೆನ್ನಾಗಿ ಎಳೆಯುವ ಕಾರು 4,000 ದಾಟಿದ್ದೇ ಉಸಿರು ಬಿಡುತ್ತದೆ. ಅನೇಕರು ‘ಟರ್ಬೊ ಹೋಯ್ತು’ ಅಂತ ಹೊಸದಕ್ಕೇ ಆರ್ಡರ್ ಕೊಡುತ್ತಾರೆ. ತಡೆಯಿರಿ. ಎರಡೂ ಕಂಟ್ರೋಲ್ ವಾಲ್ವ್‌ಗಳನ್ನು ತಂತಿ ಕಟ್ಟಿ ತೆರೆದೇ ಇಟ್ಟು ಓಡಿಸಿ. ಈಗ ಎರಡು ಟರ್ಬೊಗಳೂ ಒಟ್ಟಿಗೆ ತಿರುಗುತ್ತವೆ; ಕೆಳಗೆ ಕಾರು ಮಂದವಾಗುತ್ತದೆ, ಆದರೆ ಮೇಲೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಪೂರ್ತಿ ಬಂದರೆ ಟರ್ಬೊಗಳು ಸರಿಯಿವೆ. ದೋಷ ಪೈಪಿನಲ್ಲೋ ಸೊಲೆನಾಯ್ಡ್‌ನಲ್ಲೋ ಆಕ್ಚುಯೇಟರ್‌ನಲ್ಲೋ (ಗಾಳಿಯೊತ್ತಡದಿಂದ ಕಡ್ಡಿ ಸರಿಸಿ ವಾಲ್ವ್ ತೆರೆಯುವ ಭಾಗ) ಇದೆ. ಆಮೇಲೆ ಕೈ ಪಂಪಿನಿಂದ ಒಂದೊಂದೇ ಆಕ್ಚುಯೇಟರ್‌ಗೆ ಗಾಳಿ ಕೊಡಿ: ಕಡ್ಡಿ ಸರಿಯಬೇಕು, ಒತ್ತಡ ಇಳಿಯಬಾರದು. ಪೈಪು ಬದಲಿಸುವಾಗ ಒಂದನ್ನು ಕಿತ್ತು, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನವಕ್ಕಂತೂ ಬೆರಳೇ ಹೋಗುವುದಿಲ್ಲ.

ಎ90ರಲ್ಲಿ ಒಂದೇ ಟರ್ಬೊ, ಹೊಗೆಗೆ ಎರಡು ದಾರಿಯಿರುವ ಟ್ವಿನ್-ಸ್ಕ್ರೋಲ್. ಈ ಪುರಾಣವೇ ಇಲ್ಲ.

ಹಾಗಂತ ಹೊಸದು ನಿರಾಳ ಎಂದಲ್ಲ. ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ. ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ನೋಂದಾಯಿಸಬೇಕು. ಇಲ್ಲದಿದ್ದರೆ ಕಾರು ಹೊಸ ಬ್ಯಾಟರಿಯನ್ನೂ ಸವೆದದ್ದೆಂದೇ ಬಗೆದು ಚಾರ್ಜ್ ಮಾಡುತ್ತದೆ. ಒಂದೇ ಕಿಟಕಿ ಇಳಿಸಿ ವೇಗ ಹಿಡಿದರೆ ಕಿವಿಗೆ ಗುದ್ದಿದಂತೆ ಗಾಳಿ ಬಡಿಯುತ್ತದೆ. ಇನ್ನೊಂದನ್ನೂ ಸ್ವಲ್ಪ ಇಳಿಸಿ. 2020ರ ಮಧ್ಯದಿಂದೀಚೆಗಿನ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಬೀಗ ಬಿದ್ದಿದೆ, ಟ್ಯೂನ್ ಮಾಡಿಸುವವರು ಮೊದಲು ಅದನ್ನು ಬಿಡಿಸಬೇಕು. ಮ್ಯಾನುಯಲ್ ಗೇರ್ ಬಂದದ್ದು 2022ರಲ್ಲಿ. ಬಾಗಿಲ ಮೇಲಿನ ಗಾಳಿಕಿಂಡಿಗಳು ಬರೀ ಶೋಕಿ. ಹಿಂದಿನ ಸೀಟಿಲ್ಲ, ಎ80ರಲ್ಲೂ ಇರುವುದು ಹೆಸರಿಗಷ್ಟೇ.

ಎ80 ಗೆಲ್ಲುವುದು ಸ್ಪ್ಯಾನರ್ ಹಿಡಿದಾಗ. ಕಬ್ಬಿಣದ ಬ್ಲಾಕ್, ಟೈಮಿಂಗ್ ಬೆಲ್ಟ್ ಎದುರಿಗೇ ಸಿಗುತ್ತದೆ. ಬಿ58ರ ಚೈನು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. ಅದಕ್ಕೆ ಕೈ ಹಾಕುವುದೆಂದರೆ ದೊಡ್ಡ ಕೆಲಸ. ವಾರಾಂತ್ಯವೆಲ್ಲ ಗ್ಯಾರೇಜಿನಲ್ಲೇ ಕಳೆಯಬಲ್ಲವರಿಗೆ, ಗೆಟ್ರಾಗ್ ವಿ160 ಗೇರ್‌ಬಾಕ್ಸ್ ಕೆಟ್ಟರೆ ಅದರ ಬೆಲೆ ಕೇಳಿ ಬೆಚ್ಚದವರಿಗೆ ಎ80 ಸರಿ.

ಹಳೆಯದನ್ನೇ ನೋಡಲು ಹೋದರೆ, ಎಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 2,500ರಿಂದ ಪೂರ್ತಿ ಒತ್ತಿ ಬೂಸ್ಟ್ ಗೇಜ್ ನೋಡಿ. 4,000ದ ಹತ್ತಿರ ಮುಳ್ಳು ತುಸು ಇಳಿದು ಮತ್ತೆ ಏರಬೇಕು. ಏರದಿದ್ದರೆ ಮೇಲಿನ ಪರೀಕ್ಷೆ ಮಾಡಿ. ಆ ಇಳಿತವೇ ಕಾಣದೆ, ಕೆಳಗೆ ಮಂದವಾಗಿದ್ದು ಮೇಲೆ ಒಂದೇ ಸಮನೆ ಏರಿದರೆ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಯಾರಾದರೂ ವಾಲ್ವ್‌ಗೆ ತಂತಿ ಕಟ್ಟಿದ್ದಾರೆಯೇ ನೋಡಿ.