ಗೋಡೆ ಮುಚ್ಚುವ ಮೊದಲು ಟಿವಿ ಕೇಬಲ್ ಎಷ್ಟು ಎಳೆದಿದ್ದಾರೆ ನೋಡಿಕೊಳ್ಳಿ

ಮನೆ ವೈರಿಂಗ್ ನಡೆಯುತ್ತಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ ಅನ್ನೋರು ದಯವಿಟ್ಟು ಐದು ನಿಮಿಷ ಕೊಟ್ಟು ಇದನ್ನು ಓದಿ. ಪೇಂಟ್ ಮುಗಿದು ನಾಲ್ಕು ತಿಂಗಳಾದ ಮೇಲೆ ನಾನು ಪ್ಯಾಸೇಜಿನ ಗೋಡೆ ಒಡೆಸಿದೆ. ಒಳಗೆ ಇದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸ್ಪ್ಲಿಟರ್, ಅಂದರೆ ಒಂದು ಕೇಬಲ್‌ನ ಸಿಗ್ನಲ್ಲನ್ನು ಹಲವು ಕೇಬಲ್‌ಗೆ ಹಂಚುವ ಡಬ್ಬಿ.

ಮೂರು ಕಡೆ ಟಿವಿ ಬೇಕಿತ್ತು. ಹಾಲ್, ಅಮ್ಮನ ರೂಮು, ಹಿಂದಿನ ರೂಮು. ತಾರಸಿ ಮೇಲೆ ಡಿಶ್ ಒಂದೇ. ವೈರಿಂಗ್‌ನವರು "ಮೂರು ಕೇಬಲ್ ಯಾಕೆ ಸಾರ್, ವೇಸ್ಟು, ಒಂದೇ ಇಳಿಸಿ ಹಾಲಿನಿಂದ ಕವಲು ಹೊಡೀತೀನಿ" ಅಂದರು. ಲೈಟು ಫ್ಯಾನಿಗೆ ಹಾಗೇ ಅಲ್ವಾ ಮಾಡೋದು, ನಾನೂ ಹೂಂ ಅಂದೆ. ಆಮೇಲೆ ಆದ ಅವಾಂತರಕ್ಕೆಲ್ಲ ಬೇರು ಆ ಒಂದು ಹೂಂ.

ಟಿವಿಗಳನ್ನು ಜೋಡಿಸಿದ ದಿನ ಮೂರರಲ್ಲೂ "ನೋ ಸಿಗ್ನಲ್". ಹಾಲಿನ ಟಿವಿ ಹಿಂದೆ ಗೋಡೆಯಲ್ಲಿದ್ದ ವೈರಿಂಗ್ ಬಾಕ್ಸ್ ಬಿಚ್ಚಿ ನೋಡಿದರೆ ಸ್ಪ್ಲಿಟರ್ ಮೇಲೆ 5-1000 ಮೆಗಾಹರ್ಟ್ಸ್ ಅಂತ ಅಚ್ಚಾಗಿತ್ತು. ಡಿಶ್‌ನ ಎಲ್‌ಎನ್‌ಬಿಯಿಂದ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಭಾಗ) ಕೆಳಗೆ ಬರುವ ಸಿಗ್ನಲ್ ಸುಮಾರು 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ಅಂದರೆ ಆ ಸ್ಪ್ಲಿಟರ್ ಮಾಮೂಲಿ ಕೇಬಲ್ ಟಿವಿಗೆ ಸರಿ, ಡಿಶ್‌ಗೆ ದಂಡ. ಜೊತೆಗೆ ಎಲ್‌ಎನ್‌ಬಿಗೆ ಕರೆಂಟ್ ಹೋಗೋದೂ ಇದೇ ಕೇಬಲ್‌ನಲ್ಲಿ, ಸೆಟ್ ಟಾಪ್ ಬಾಕ್ಸಿನಿಂದ. ಈ ಸ್ಪ್ಲಿಟರ್ ಅದನ್ನೂ ಬಿಡುತ್ತಿರಲಿಲ್ಲ.

ಸರಿ, 2400 ಮೆಗಾಹರ್ಟ್ಸ್‌ವರೆಗಿನದು ತಂದು ಹಾಕಿದರು. ಹಾಲಿನಲ್ಲಿ ಟಿವಿ ಬಂತು, ಅಮ್ಮನ ರೂಮಿನಲ್ಲೂ ಬಂತು. ರಾತ್ರಿ ಹಾಲಿನ ಬಾಕ್ಸ್‌ನ ಸ್ವಿಚ್ ಆಫ್ ಮಾಡಿ ಮಲಗಲು ಹೋದರೆ ಅಮ್ಮ ಕೂಗಿದರು, "ನನ್ನದೂ ಹೋಯ್ತಲ್ಲೋ!" ಈ ಸ್ಪ್ಲಿಟರ್‌ನಲ್ಲಿ ಕರೆಂಟ್ ಹಾಯುವುದು ಒಂದೇ ಒಂದು ಬಾಯಲ್ಲಿ, ಆ ಬಾಯಿಗೆ ಸಿಕ್ಕಿಸಿದ್ದು ಹಾಲಿನ ಬಾಕ್ಸ್. ಅದನ್ನು ಆರಿಸಿದರೆ ಎಲ್‌ಎನ್‌ಬಿಯೇ ಆರುತ್ತದೆ.

ಮೂರನೆಯ ಸಲ, ಎಲ್ಲ ಬಾಯಿಗಳಲ್ಲೂ ಕರೆಂಟ್ ಹಾಯುವ ಸ್ಪ್ಲಿಟರ್. ಇನ್ನು ನಿಶ್ಚಿಂತೆ ಅಂದುಕೊಂಡೆವು, ಆದರೆ ನಿಜವಾದ ಜಗಳ ಶುರುವಾಗಿದ್ದೇ ಆಗ. ಹಾಲಿನಲ್ಲಿ ಮಗ ಚಾನೆಲ್ ಬದಲಿಸಿದರೆ ಅಮ್ಮನ ಧಾರಾವಾಹಿ ಮಾಯ. ಅವನು ವಾಪಸ್ ಹೋದರೆ ಧಾರಾವಾಹಿ ಪ್ರತ್ಯಕ್ಷ. ಎಲ್ಲ ಚಾನೆಲ್‌ಗೂ ಹಾಗಾಗುತ್ತಿರಲಿಲ್ಲ, ಕೆಲವಕ್ಕೆ ಮಾತ್ರ. ಹೀಗಾಗಿ ಒಂದು ವಾರ ಯಾರಿಗೂ ತಲೆಬುಡ ತಿಳಿಯಲಿಲ್ಲ. ಅಮ್ಮ ಅಂತೂ ಮಗ ಬೇಕಂತಲೇ ಏನೋ ಮಾಡುತ್ತಿದ್ದಾನೆ ಅಂತ ತೀರ್ಮಾನಿಸಿಬಿಟ್ಟಿದ್ದರು.

ಕಾರಣ ಗೊತ್ತಾದಾಗ ಇಷ್ಟು ಸಣ್ಣ ವಿಷಯಾನಾ ಅನ್ನಿಸಿತು. ಡಿಶ್‌ಗೆ ಬರುವ ಸಿಗ್ನಲ್ ಎರಡು ಥರ, ಅಡ್ಡ ಅಲೆ ಮತ್ತು ನೇರ ಅಲೆ. ಯಾವುದು ಬೇಕು ಅಂತ ಬಾಕ್ಸ್ ಹೇಳುವುದು ವೋಲ್ಟೇಜಿನಲ್ಲಿ. 18 ವೋಲ್ಟ್ ಕೊಟ್ಟರೆ ಅಡ್ಡ, 13 ವೋಲ್ಟ್ ಕೊಟ್ಟರೆ ನೇರ. ಎಲ್‌ಎನ್‌ಬಿಯ ಒಂದು ಬಾಯಿ ಒಂದು ಹೊತ್ತಿಗೆ ಒಂದನ್ನೇ ಕೊಡೋದು. ಎರಡು ಬಾಕ್ಸ್ ಒಂದೇ ಕೇಬಲ್‌ಗೆ ಬಿದ್ದಾಗ ಒಂದು 18, ಇನ್ನೊಂದು 13 ಕೇಳಿದರೆ 18 ಗೆಲ್ಲುತ್ತದೆ. ಮಗನ ಚಾನೆಲ್ 18ರದ್ದು, ಅಮ್ಮನದು 13ರದ್ದು. ಪಾಪ, ಅವನದೇನೂ ತಪ್ಪಿರಲಿಲ್ಲ. ಎಂಥ ದುಬಾರಿ ಸ್ಪ್ಲಿಟರ್ ತಂದರೂ ಈ ಜಗಳ ಬಿಡಿಸೋಕೆ ಆಗಲ್ಲ, ಯಾಕಂದರೆ ಅದರ ಕೆಲಸ ಬರೀ ಹಂಚೋದು.

ಇನ್ನು ಹಿಂದಿನ ರೂಮಿನದು ಬೇರೆಯದೇ ಕಥೆ. ಅಲ್ಲಿ ನಾಲ್ಕಾರು ಚಾನೆಲ್ ಬರೋದು, ಉಳಿದವು ಚೌಕ ಚೌಕವಾಗಿ ಒಡೆದು ನಿಂತುಬಿಡೋದು. ಅದಕ್ಕೆ ಸಿಕ್ಕ ಸಲಹೆ ಬೂಸ್ಟರ್. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಅದನ್ನೂ ಹಾಕಿಸಿದೆ, ಟಿವಿಯ ಹಿಂದೆಯೇ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್ ಜಿಗಿದು ಮೇಲೇರಿತು, ಎಲ್ಲರೂ ಖುಷಿ. ಕೆಳಗಿನ ಕ್ವಾಲಿಟಿ ಗೆರೆ ಮಾತ್ರ ಅಲ್ಲಾಡಲಿಲ್ಲ, ಚಿತ್ರವೂ ಅಷ್ಟೇ. ದಾರಿಯಲ್ಲೇ ಕೆಟ್ಟು ಬಂದ ಸಿಗ್ನಲ್‌ನ ಬೂಸ್ಟರ್ ಅದರ ಗದ್ದಲದ ಸಮೇತ ದೊಡ್ಡದು ಮಾಡುತ್ತದೆ, ಹೋದದ್ದನ್ನು ವಾಪಸ್ ತರಲ್ಲ. ಅದು ಬೇಕೇ ಬೇಕು ಅಂದರೆ ಇರಬೇಕಾದ್ದು ಮೇಲೆ, ಡಿಶ್ ಹತ್ತಿರ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ.

ಕೊನೆಗೆ ತಿಳಿದ ಸ್ನೇಹಿತರೊಬ್ಬರು ಬಂದು ಎರಡೂ ತುದಿಗಳಲ್ಲಿ ಅಳೆದು ನೋಡಿ, "ಮಧ್ಯೆ ಏನೋ ಇದೆ" ಅಂದರು. ವೈರಿಂಗ್‌ನವರಿಗೆ ಫೋನ್ ಹಚ್ಚಿದರೆ ಆಕಡೆಯಿಂದ ಆರಾಮಾಗಿ, "ಹೌದು ಸಾರ್, ಮುಂದೆ ಇನ್ನೊಂದು ಟಿವಿ ಬೇಕಾದೀತು ಅಂತ ಪ್ಯಾಸೇಜಲ್ಲಿ ಒಂದು ಸ್ಪ್ಲಿಟರ್ ಹಾಕಿದ್ದೆ." ಮುಚ್ಚಳ ಇಲ್ಲದ ಬಾಕ್ಸ್, ಮೇಲೆ ಪ್ಲಾಸ್ಟರ್, ಅದರ ಮೇಲೆ ಎರಡು ಕೋಟ್ ಪೇಂಟ್. ಒಡೆದು ನೋಡಿದರೆ ಅದೂ 5-1000ದ್ದೇ. ಒಂದು ಬಾಯಿ ಖಾಲಿ, ಮುಚ್ಚುವ 75 ಓಮ್‌ನ ಟರ್ಮಿನೇಟರ್ ಇಲ್ಲ. ಎರಡು ಕವಲಿನ ಒಳ್ಳೆಯ ಸ್ಪ್ಲಿಟರ್ ಕೂಡ ಮೂರೂವರೆ ಡೆಸಿಬೆಲ್‌ನಷ್ಟು ತಿನ್ನುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಅಲ್ಲೇ ಖಲಾಸ್. ಯಾರೂ ಬಳಸದ ಒಂದು ಪಾಯಿಂಟಿಗೋಸ್ಕರ!

ಒಡೆದ ಮೇಲೆ ಇನ್ನೂ ಎರಡು ಬಯಲಾದವು. ಕೇಬಲ್ ಮೇಲೆ ಆರ್‌ಜಿ-59 ಅಂತಿತ್ತು, ಹಳೆ ಕ್ಯಾಮೆರಾ ಕೆಲಸದಲ್ಲಿ ಉಳಿದದ್ದಿರಬೇಕು. ಅದೂ 75 ಓಮ್‌ನದೇ, ಆದರೆ ಡಿಶ್‌ಗೆ ಮಾಮೂಲಾಗಿ ಹಾಕುವ ಆರ್‌ಜಿ-6 ಕೇಬಲ್‌ಗಿಂತ ತೆಳು, ಫ್ರೀಕ್ವೆನ್ಸಿ ಏರಿದಷ್ಟೂ ಹೆಚ್ಚು ಸಿಗ್ನಲ್ ನುಂಗುತ್ತದೆ. ಅದಕ್ಕೆ ಸಿಕ್ಕಿಸಿದ್ದು ಆರ್‌ಜಿ-6ರ ಕನೆಕ್ಟರ್, ಕೈಯಲ್ಲಿ ತಿರುಗಿಸಿ ಹಾಕುವಂಥದ್ದು, ಎಳೆದರೆ ಕಳಚಿ ಬರುತ್ತಿತ್ತು. ಒಂದರಲ್ಲಂತೂ ಹೊರಗಿನ ಜಾಲರಿಯ ಕೂದಲಿನಂಥ ಒಂದು ತಂತಿ ನಡುವಿನ ತಾಮ್ರದ ಕಡ್ಡಿಗೆ ತಾಗುವ ಹಾಗೆ ಬಾಗಿತ್ತು. ತಾಗಿದರೆ ಶಾರ್ಟ್, ಎಲ್‌ಎನ್‌ಬಿಗೆ ಕರೆಂಟೇ ಹೋಗಲ್ಲ. ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್‌ಗಳೇ ಬೇಕು ಅಂತ ನೀವೇ ಕೇಳಿ. ಅವರಾಗಿ ಹಾಕುವುದಿಲ್ಲ.

ಈಗ ಮೇಲೆ ನಾಲ್ಕು ಬಾಯಿಯ ಎಲ್‌ಎನ್‌ಬಿ ಇದೆ. ಪ್ರತಿ ಬಾಕ್ಸಿಗೂ ಅದರದ್ದೇ ಕೇಬಲ್, ನಡುವೆ ಸ್ಪ್ಲಿಟರೂ ಇಲ್ಲ, ಜಾಯಿಂಟೂ ಇಲ್ಲ. ಯಾರ ಚಾನೆಲ್ಲೂ ಯಾರನ್ನೂ ಕಾಡುತ್ತಿಲ್ಲ. ಇನ್ನೂ ಜಾಸ್ತಿ ಟಿವಿ ಇರುವವರಿಗೆ, ಪ್ರತಿ ಬಾಕ್ಸಿಗೂ ಅದು ಕೇಳಿದ ಅಲೆಯನ್ನೇ ಕೊಡುವ ಮಲ್ಟಿಸ್ವಿಚ್ ಅಂತ ಬರುತ್ತದೆ, ಅಲ್ಲೂ ಪ್ರತಿ ರೂಮಿಗೆ ಬೇರೆ ಕೇಬಲ್ ಬೇಕೇ ಬೇಕು. ಬರೀ ಆಂಟೆನಾ ಅಥವಾ ಕೇಬಲ್ ಟಿವಿ ಇರುವವರಿಗೆ ಈ 13-18ರ ತಾಪತ್ರಯ ಇಲ್ಲ, ಸ್ಪ್ಲಿಟರ್ ಧಾರಾಳವಾಗಿ ನಡೆಯುತ್ತದೆ. ಆದರೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟಬೇಡಿ, ಕೈಗೆ ಸಿಗುವ ಜಾಗದಲ್ಲಿ ಒಂದೇ ಇಡಿ. ಹಾಗೇ, ಇದೇ ಡಿಶ್ ಕೇಬಲ್‌ನಲ್ಲಿ ಮೋಕಾ ಅಡಾಪ್ಟರ್ ಹಾಕಿ ಇಂಟರ್ನೆಟ್ಟನ್ನೂ ಓಡಿಸೋಣ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಬೇಡ ಅನ್ನಿ. ಮೋಕಾ ಬಳಸುವುದು 1125ರಿಂದ 1675 ಮೆಗಾಹರ್ಟ್ಸ್, ಡಿಶ್‌ನ ಜಾಗದ ನಟ್ಟನಡುವೆ.

ಹೊಸ ಕೇಬಲ್‌ಗಳನ್ನು ಹಳೆ ಪೈಪಿನಲ್ಲೇ ಎಳೆಯೋಣ ಅಂತ ನೋಡಿದೆವು. ಒಂದೇ ಕೇಬಲ್‌ಗೆ ಆಗುವಷ್ಟು ಸಣ್ಣ ಪೈಪು, ಎರಡು ಕಡೆ ಮೊಣಕೈ ಥರ ಚೂಪು ತಿರುವು, ಹಳೆಯದು ಅಲ್ಲೇ ಕಚ್ಚಿಕೊಂಡು ಕೂತಿದೆ. ಹಿಂದಿನ ರೂಮಿನ ಕೇಬಲ್ ಈಗ ಹೊರಗೋಡೆ ಮೇಲೆ ಇಳಿದಿದೆ. ಕಿಟಕಿ ಹತ್ತಿರ ಒಳಗೆ ನುಗ್ಗುವ ಮೊದಲು ಅದನ್ನು ಸ್ವಲ್ಪ ಕೆಳಕ್ಕೆ ಜೋತುಬಿಟ್ಟಿದ್ದೇನೆ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಪ್ಯಾಸೇಜಿನ ತೇಪೆಗೆ ಎಷ್ಟು ಹುಡುಕಿದರೂ ಅದೇ ಬಣ್ಣ ಸಿಗಲಿಲ್ಲ. ಅಮ್ಮ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ್ದಾರೆ.