ನಾಜಿಯಾ ಹಸನ್ ಅವರ ‘ಡಿಸ್ಕೋ ದೀವಾನೆ’: ಹಳೆಯ ಪ್ಲೇಟೊಂದನ್ನು ಕೊಂಡು ಕೇಳಿದ ಮೇಲೆ

ಪಾಕಿಸ್ತಾನದ ಪಾಪ್ ಗಾಯಕಿ ನಾಜಿಯಾ ಹಸನ್ ಅವರ ‘ಡಿಸ್ಕೋ ದೀವಾನೆ’ ಆಲ್ಬಮ್ಮಿನ ಎಲ್‌ಪಿ ರೆಕಾರ್ಡನ್ನು, ಅಂದರೆ 1981ರಲ್ಲಿ ಎಚ್‌ಎಂವಿ ನಮ್ಮ ದೇಶದಲ್ಲಿ ಹೊರತಂದ ಪ್ಲೇಟನ್ನು, ಹಳೆಯ ರೆಕಾರ್ಡುಗಳನ್ನು ಮಾರುವ ಒಬ್ಬರಿಂದ ಜುಲೈ ತಿಂಗಳಲ್ಲಿ 1,800 ರೂಪಾಯಿ ಕೊಟ್ಟು ಕೊಂಡೆ. ಇದರ ಹಾಡುಗಳೆಲ್ಲ ಮೊಬೈಲಿನಲ್ಲಿ ಬೆರಳ ತುದಿಗೆ ಸಿಗುತ್ತಿರುವಾಗ ಇಷ್ಟು ಹಣ ಕೊಟ್ಟು ಗೀಚುಬಿದ್ದ ಪ್ಲೇಟನ್ನು ಮನೆಗೆ ತರಬೇಕೇ ಎಂಬ ಪ್ರಶ್ನೆ ಮನೆಯವರದ್ದೂ ಆಗಿತ್ತು, ನನ್ನದೂ ಆಗಿತ್ತು. ಕೊಳ್ಳಬೇಕೆಂದಿರುವವರಿಗೆ ನೆರವಾಗಲೆಂದು, ಒಂದು ತಿಂಗಳು ಕೇಳಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಸ್ಥಿತಿಯ ಮಾತು. ಮಾರಿದವರು ‘ಹೊಸದರಂತೆಯೇ ಇದೆ’ ಎಂದಿದ್ದರು, ಹೊಸದರಂತೆ ಇರಲಿಲ್ಲ. ರಟ್ಟಿನ ಕವರಿನ ಮೂಲೆಗಳು ಸವೆದಿದ್ದವು, ಒಳಗಿನ ಕಾಗದದ ಚೀಲ ಹರಿದಿತ್ತು, ಪ್ಲೇಟು ಒಂದು ಬದಿಯಲ್ಲಿ ಸ್ವಲ್ಪ ಬಾಗಿತ್ತು. ಮೊದಲ ಸಲ ಮುಳ್ಳು ಇಳಿಸಿದಾಗ ಹಾಡಿಗಿಂತ ಮುಂಚೆ ಕೇಳಿಸಿದ್ದು ಒಗ್ಗರಣೆ ಸಿಡಿದಂಥ ಚಟಪಟ ಸದ್ದು. ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಗೆರೆಗಳ ಜಾಡಿನಲ್ಲೇ ಸುತ್ತ ಒರೆಸಿ, ಒಂದು ರಾತ್ರಿ ಒಣಗಲು ಬಿಟ್ಟ ಮೇಲೆ ಆ ಸದ್ದು ಮುಕ್ಕಾಲು ಭಾಗ ಹೋಯಿತು. ಉಳಿದದ್ದು ಹೋಗುವಂಥದಲ್ಲ. ಅದು ಧೂಳಲ್ಲ, ಹಿಂದಿನ ಒಡೆಯರು ಎಷ್ಟೋ ಸಲ ಕೇಳಿ ಸವೆಸಿದ ಗುರುತು. ಕವರಿನ ಹಿಂಬದಿಯ ಮೂಲೆಯಲ್ಲಿ ಯಾರೋ ನೀಲಿ ಶಾಯಿಯಲ್ಲಿ ‘ಡಿಸೆಂಬರ್ 1981’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಮಾರುಕಟ್ಟೆಯ ಲೆಕ್ಕದಲ್ಲಿ ಇಂಥ ಬರಹ ಬೆಲೆಯನ್ನು ತಗ್ಗಿಸುತ್ತದೆ. ನಾನು ಮಾತ್ರ ಅದನ್ನು ನೋಡಿಯೇ ಚೌಕಾಸಿ ಮಾಡುವುದನ್ನು ನಿಲ್ಲಿಸಿದೆ.

ಇನ್ನು ದನಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ಪ್ಲೇಟನ್ನು ಯಾರಾದರೂ ಕೊಳ್ಳುವುದಿದ್ದರೆ ಅದು ದನಿಗಾಗಿಯೇ. ಕರಾಚಿಯಲ್ಲಿ 1965ರ ಏಪ್ರಿಲ್ 3ರಂದು ಹುಟ್ಟಿದ ನಾಜಿಯಾ, ಈ ಹಾಡುಗಳು ಹೊರಬಂದಾಗ 16ರ ಹುಡುಗಿ. ಅದಕ್ಕೂ ಮೊದಲೇ 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡಿನಿಂದ ಅವರ ದನಿ ಮನೆಮನೆಗೂ ತಲುಪಿತ್ತು, ಆ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂದಿತ್ತು. ಹಿಂದಿ ಚಿತ್ರಗೀತೆಗಳಲ್ಲಿ ಆಗ ನಮ್ಮ ಕಿವಿಗೆ ಒಗ್ಗಿದ್ದುದು ಎತ್ತರದ ಶ್ರುತಿಯಲ್ಲಿ, ಸ್ವರಗಳನ್ನು ಬಳುಕಿಸುತ್ತ, ಪಳಗಿದ ಗಾಯಕಿಯರು ಹಾಡುತ್ತಿದ್ದ ರೀತಿ. ನಾಜಿಯಾ ಅವರದು ಅದಕ್ಕೆ ತೀರ ಬೇರೆ. ಶ್ರುತಿ ತಗ್ಗಿನದು, ಸ್ವರ ನೇರವಾದದ್ದು, ಕೊಂಚ ಮೂಗಿನಲ್ಲಿ ಸುಳಿದು ಬರುವಂಥದ್ದು. ಗಮಕವಿಲ್ಲ, ನಾಟಕೀಯತೆಯಿಲ್ಲ, ಪ್ರೀತಿಯ ಮಾತನ್ನೂ ಪಕ್ಕದ ಬೆಂಚಿನ ಗೆಳತಿಗೆ ಪಾಠದ ವಿಷಯ ಹೇಳುವಷ್ಟು ಸಹಜವಾಗಿ ಹೇಳಿಬಿಡುವ ರೀತಿ. ಉರ್ದುವಿನ ಉಚ್ಚಾರವಂತೂ ತೊಳೆದಿಟ್ಟ ಹಾಗಿದೆ. ಸಂಗೀತ ಬಲ್ಲವರು ಇದನ್ನು ಕೊರತೆ ಎಂದು ಕರೆದರೆ ನಾನು ವಾದಿಸಲಾರೆ. ಆದರೆ ಆ ಕೊರತೆಯೇ ಇಲ್ಲಿನ ಆಸ್ತಿ. ಎತ್ತರಕ್ಕೆ ಏರಬೇಕಾದ ಕಡೆಗಳಲ್ಲಿ ಸ್ವರ ಒಂದು ಕೂದಲೆಳೆಯಷ್ಟು ಅಳುಕುವುದನ್ನು, ಸಾಲಿಗೂ ಸಾಲಿಗೂ ನಡುವೆ ಉಸಿರು ಒಳಗೆಳೆದುಕೊಳ್ಳುವುದನ್ನು ಮೊಬೈಲಿನಲ್ಲಿ ಇಷ್ಟು ವರ್ಷ ಕೇಳಿಯೂ ನಾನು ಗಮನಿಸಿರಲಿಲ್ಲ. ಪ್ಲೇಟಿನಲ್ಲಿ, ದೊಡ್ಡ ಸ್ಪೀಕರಿನ ಮುಂದೆ ಕುಳಿತಾಗ, ಅವು ಕೇಳಿಸಿದವು.

ಆ ದನಿಗೆ ಆಸರೆಯಾಗಿ ನಿಂತವರು ಸಂಗೀತ ನಿರ್ದೇಶಕ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಈ ಕೊಡವರು ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಮೂಲಕ ಜಗತ್ತಿಗೆಲ್ಲ ಪರಿಚಿತರಾದರು. ‘ಕುರ್ಬಾನಿ’ಯ ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರವು, ಆ ಒಂದು ಹಾಡು ಮಾತ್ರ ಬಿದ್ದು ಅವರದು. ಅಲ್ಲಿ ಅವರು ನಾಜಿಯಾ ದನಿಯನ್ನು ಎರಡು ಪದರವಾಗಿ ಒಂದರ ಮೇಲೊಂದು ಕೂರಿಸಿದ್ದರಿಂದ ಅದಕ್ಕೆ ಗುಹೆಯೊಳಗಿನಿಂದ ಬಂದಂಥ ಮಾರುದನಿಯ ಗುಣ ಬಂದಿತು. ‘ಡಿಸ್ಕೋ ದೀವಾನೆ’ಯಲ್ಲಿ ವಾದ್ಯಗಳ ಕೆಲಸ ಇನ್ನೂ ಬಿಗಿಯಾಗಿದೆ. ಎಣಿಕೆ ತಪ್ಪದೆ ಒಂದೇ ಸಮನೆ ಬೀಳುವ ಡ್ರಮ್, ಅದರ ಅಡಿಯಲ್ಲಿ ಪುಟಿಯುವ ಬೇಸ್ ಗಿಟಾರ್, ಇವೆರಡರ ನಡುವೆ ಹುಡುಗಿಯ ದನಿಗೆಂದು ಬಿಟ್ಟ ಜಾಗ. ಸಂಗೀತವನ್ನು ದನಿಗಿಂತ ಜೋರು ಮಾಡುವ ಆಸೆಯನ್ನು ಅವರು ಅದುಮಿಟ್ಟುಕೊಂಡಿದ್ದಾರೆ, ಅಷ್ಟು ಕುಣಿಸುವ ಸಂಗೀತದಲ್ಲಿ ಅದು ಸುಲಭದ ಸಂಯಮವಲ್ಲ.

ಎಲ್ಲ ಹಾಡುಗಳೂ ಇದೇ ಮಟ್ಟದವು ಎಂದು ಹೇಳಿದರೆ ಅದು ಅಭಿಮಾನದ ಮಾತಾಗುತ್ತದೆ. ಶೀರ್ಷಿಕೆಯ ಹಾಡು, ‘ಆವೋ ನಾ’ ಮತ್ತು ‘ದಿಲ್ ಮೇರಾ’ ಇಂದಿಗೂ ಹಳತಾಗಿಲ್ಲ. ತಮ್ಮ ಜೊಹೆಬ್ ಹಸನ್ ದನಿಗೂಡಿಸುವ ಕಡೆಗಳಲ್ಲಿ ಮನೆಯ ಹಜಾರದಲ್ಲಿ ಅಕ್ಕತಮ್ಮಂದಿರು ಹಾಡಿಕೊಂಡಂಥ ಸಲುಗೆ ಇದೆ, ಹಾಗೆಯೇ ಹಜಾರದ ಹಾಡಿಕೆಯ ಅಳತೆ ಮೀರದ ಕೆಲವು ಸಾಲುಗಳೂ ಇವೆ. ಶೀರ್ಷಿಕೆಯ ಹಾಡಿನ ವಾದ್ಯಸಂಗೀತವನ್ನು ಮಾತ್ರ ಪ್ರತ್ಯೇಕವಾಗಿ ಸೇರಿಸಿದ್ದು ಅನಗತ್ಯ. ಅದು ಬಂದಾಗ ನಾನು ಎದ್ದು ಕಾಫಿಗೆ ನೀರಿಡುತ್ತೇನೆ. ಇನ್ನೊಂದು ಎಚ್ಚರಿಕೆಯ ಮಾತು: ‘ಆಪ್ ಜೈಸಾ ಕೋಯಿ’ ಈ ಪ್ಲೇಟಿನಲ್ಲಿಲ್ಲ, ಅದಕ್ಕೆ ‘ಕುರ್ಬಾನಿ’ಯ ರೆಕಾರ್ಡನ್ನೇ ಹುಡುಕಬೇಕು. ಈ ಸಂಗತಿ ಗೊತ್ತಿಲ್ಲದೆ ಕೊಂಡು ಪೆಚ್ಚಾದವರನ್ನು ನಾನು ಬಲ್ಲೆ.

ಆಗಸ್ಟ್ 13 ನಾಜಿಯಾ ತೀರಿಕೊಂಡ ದಿನ. 2000ದಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ, ಲಂಡನ್ನಿನಲ್ಲಿ ಅವರು ನಿಧನರಾದಾಗ ವಯಸ್ಸು ಕೇವಲ 35. ಈ ಬಾರಿ ಆ ಸಂಜೆ ಪ್ಲೇಟು ಕೇಳಲೆಂದು ನನ್ನ ಅಕ್ಕನನ್ನೂ, ಇಬ್ಬರು ಹಳೆಯ ಗೆಳೆಯರನ್ನೂ ಮನೆಗೆ ಕರೆದೆ. ಪ್ಲೇಟಿನ ನಿಜವಾದ ಪರೀಕ್ಷೆ ನಡೆದದ್ದು ಆಗ ಎಂದೇ ಹೇಳಬೇಕು. ಮೊದಲ ಹಾಡು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ, ಎರಡನೆಯ ಹಾಡು ಮುಗಿಯುವವರೆಗೆ ಯಾರೂ ಸುಮ್ಮನಿರಲಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ಗೆಳೆಯ, ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗೆ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು ಮೂರು ದಿನ ಕಾದದ್ದನ್ನೂ, ತಂದ ಮೇಲೆ ಟೇಪು ಸಿಕ್ಕಿಕೊಂಡು ಪೆನ್ಸಿಲಿನಿಂದ ತಿರುಗಿಸುತ್ತ ಕೂತದ್ದನ್ನೂ ಹೇಳಿದ. ಆ ಕ್ಯಾಸೆಟ್ಟಿನ ಕೊನೆಯಲ್ಲಿ ಜಾಗ ಸಾಲದೆ ಹಾಡೊಂದು ಅರ್ಧಕ್ಕೇ ನಿಂತಿತ್ತಂತೆ. ಈಗಲೂ ಆ ಹಾಡನ್ನು ಎಲ್ಲಿ ಕೇಳಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆಂದು ಕಿವಿ ಕಾಯುತ್ತದೆ ಎಂದ. ಅಕ್ಕನ ನೆನಪು ಬೇರೆ ಬಗೆಯದು. ತನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು, ಹಣೆಯ ಮೇಲೆ ಕೂದಲು ಬಿಟ್ಟುಕೊಂಡು, ಯಾರ ಅಪ್ಪಣೆಗೂ ಕಾಯದವಳಂತೆ ಹಾಡುವುದನ್ನು ಕೇಳಿ ಅವಳಿಗೆ ಆಗಿದ್ದು ಸಂತೋಷವಲ್ಲ, ಹೊಟ್ಟೆಕಿಚ್ಚಂತೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಹಾಡಿಗೆ ಕುಣಿಯಲು ಹೆಸರು ಕೊಟ್ಟಿದ್ದ ಮೂವರು ಹುಡುಗಿಯರಿಗೆ ಕೊನೆಗೆ ದೇಶಭಕ್ತಿಗೀತೆಯನ್ನು ಕಲಿಸಿದ ಕಥೆಯನ್ನು ಅವಳು ನಾಲ್ವತ್ತು ವರ್ಷಗಳ ಬಳಿಕ ಮೊದಲ ಸಲ ನಮಗೆ ಹೇಳಿದಳು.

ಎರಡನೆಯ ಗೆಳೆಯ ಹೆಚ್ಚು ಮಾತಿನವನಲ್ಲ. ನಾಜಿಯಾ ಸತ್ತ ಸುದ್ದಿಯನ್ನು ತಾನು ಪತ್ರಿಕೆಯ ಒಳಪುಟದಲ್ಲಿ, ಸ್ವಾತಂತ್ರ್ಯೋತ್ಸವದ ಸಿದ್ಧತೆಗಳ ವರದಿಯ ಪಕ್ಕದಲ್ಲಿ ಓದಿದ್ದಾಗಿ ಹೇಳಿ, ‘ಅವರು ವಕೀಲಿಕೆ ಓದಿದ್ದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದರು, ಅದನ್ನು ಆ ಸುದ್ದಿಯಿಂದಲೇ ತಿಳಿದೆ’ ಎಂದ. ನಾನು ಅದರ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ನಾವು ನಾಲ್ವರೂ ಆಕೆಯನ್ನು ಹದಿನಾರರಲ್ಲೇ ನಿಲ್ಲಿಸಿಬಿಟ್ಟಿದ್ದೆವು. ಆಕೆ ಮುಂದೆಯೂ ಹಾಡಿದರು, 1984ರಲ್ಲಿ ‘ಯಂಗ್ ತರಂಗ್’, 1987ರಲ್ಲಿ ‘ಹಾಟ್‌ಲೈನ್’, 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’ ಬಂದವು, ಮಾದಕ ವಸ್ತುಗಳ ವಿರುದ್ಧದ ಪ್ರಚಾರಕ್ಕೂ ಆಕೆ ತಮ್ಮ ಹೆಸರನ್ನು ಕೊಟ್ಟರು. 1995ರಲ್ಲಿ ಅಲೀಷಾ ಚಿನಾಯ್ ಹಾಡಿ ಮನೆಮಾತಾದ ‘ಮೇಡ್ ಇನ್ ಇಂಡಿಯಾ’ವನ್ನು ಬಿದ್ದು ಮೊದಲು ನಾಜಿಯಾಗೆಂದೇ ಸಿದ್ಧಪಡಿಸಿದ್ದರು, ಅಂಥ ಹಾಡು ತನ್ನ ದೇಶದವರ ಮನಸ್ಸನ್ನು ನೋಯಿಸಬಹುದೆಂದು ಆಕೆ ಒಪ್ಪಲಿಲ್ಲ. ಅದು ಹದಿನಾರರ ಹುಡುಗಿಯ ನಿರ್ಧಾರವಲ್ಲ, ಎರಡೂ ಕಡೆಯ ಕೇಳುಗರ ಪ್ರೀತಿಯ ತೂಕ ಬಲ್ಲ ಹೆಂಗಸಿನದು. ಈ ಪ್ಲೇಟಿನಲ್ಲಿ ಆ ಹೆಂಗಸು ಇಲ್ಲ, ಇರಲು ಸಾಧ್ಯವೂ ಇಲ್ಲ. ಆಕೆಯ ಪೂರ್ತಿ ಪರಿಚಯ ಬೇಕಾದವರು ಇದೊಂದನ್ನೇ ಕೇಳಿ ಸಾಕೆನ್ನಬಾರದು.

ಕೊಳ್ಳುವವರಿಗೆ ಕೆಲವು ಮಾತುಗಳು. ಪ್ಲೇಯರ್ ಇಲ್ಲದವರು ಇದಕ್ಕೆಂದೇ ಪ್ಲೇಯರ್ ಕೊಳ್ಳುವುದು ಬೇಡ, ಮೊಬೈಲಿನಲ್ಲಿ ಸಿಗುವುದು ಸ್ವಚ್ಛವಾಗಿಯೇ ಇದೆ, ಹಲವು ಕಡೆ ಪ್ಲೇಟಿಗಿಂತ ಸ್ಪಷ್ಟವಾಗಿಯೂ ಇದೆ. ಪ್ಲೇಯರ್ ಇರುವವರು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀಚುಗಳನ್ನು ನೋಡಿ, ಸಮತಟ್ಟಾದ ಮೇಜಿನ ಮೇಲಿಟ್ಟು ಬಾಗಿದೆಯೇ ಎಂದು ಪರೀಕ್ಷಿಸಿ, ಸಾಧ್ಯವಾದರೆ ಎರಡೂ ಬದಿಯ ಕೊನೆಯ ಹಾಡುಗಳನ್ನು ಹಾಕಿಸಿ ಕೇಳಬೇಕು. ನಡುಭಾಗಕ್ಕೆ ಹತ್ತಿರವಾದಂತೆ ಸುತ್ತು ಚಿಕ್ಕದಾಗುವುದರಿಂದ, ಒಂದು ಸುತ್ತಿನಲ್ಲಿ ಮುಳ್ಳು ಓಡುವ ದೂರ ಕಡಿಮೆಯಾಗಿ, ದನಿ ಒಡೆಯುವುದು ಮೊದಲು ಅಲ್ಲಿಯೇ ಗೊತ್ತಾಗುತ್ತದೆ. ನನ್ನ ಪ್ಲೇಟಿನಲ್ಲೂ ‘ಸ’ಕಾರಗಳು ಆ ಜಾಗದಲ್ಲಿ ಸೀಳುತ್ತವೆ. ಕವರಿನೊಳಗೆ ಅದೇ ಪ್ಲೇಟು ಇದೆಯೇ ಎಂದು ನೋಡಿಕೊಳ್ಳಲೂ ಮರೆಯಬಾರದು. ನನ್ನದರ ಸ್ಥಿತಿಗೆ 1,800 ಹೆಚ್ಚೇ ಆಯಿತು, 1,200ಕ್ಕೆ ಸಿಕ್ಕಿದ್ದರೆ ಆಕ್ಷೇಪವಿರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ಆ ಪ್ಲೇಟನ್ನು ಒಂದು ವಾರದ ಮಟ್ಟಿಗೆ ಕೊಡುತ್ತೀಯಾ ಎಂದು ಕೇಳಿದಳು. ಅವಳ ಮನೆಯಲ್ಲಿ ಪ್ಲೇಯರ್ ಇಲ್ಲ.